ಹಲ್ಲು ಊರಿದ ಗಾಯ: ಮೇಲೆ ಒಣಗಿದರೆ ಸಾಲದು, ಒಳಗಿಂದ ಮಾಯಬೇಕು

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟದ ಕಾವಲಿಗೆ ಮೂರು ವರ್ಷದ ಮುಧೋಳ ಬೆರಕೆ ಗಂಡು ನಾಯಿ ಇದೆ. ನಾಲ್ಕು ದಿನದ ಹಿಂದೆ ಬೀದಿ ನಾಯಿಗಳು ಸೇರಿ ಕಚ್ಚಿದವು. ಕುತ್ತಿಗೆಯಲ್ಲಿ ಕಡಲೆಕಾಳಿನಷ್ಟು ಎರಡು ತೂತು ಬಿಟ್ಟರೆ ಬೇರೇನೂ ಕಾಣಲಿಲ್ಲ. ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ಹಚ್ಚಿದೆವು. ಮರುದಿನವೇ ಒಣಗಿ ಹಕ್ಕಳೆ ಕಟ್ಟಿತು. ನಿನ್ನೆಯಿಂದ ಅದೇ ಜಾಗದಲ್ಲಿ ನಿಂಬೆಹಣ್ಣಿನ ಗಾತ್ರದ ಊತ ಬಂದಿದೆ. ಮುಟ್ಟಿದರೆ ಗುರ್ ಅನ್ನುತ್ತೆ, ಮುದ್ದೆ ಇಟ್ಟರೆ ಮೂಸಿ ಬಿಡುತ್ತೆ. ರೇಬಿಸ್ ಲಸಿಕೆ ಹಾಕಿಸಿ 14 ತಿಂಗಳಾಯಿತು. ಊತವನ್ನು ನಾವೇ ಚುಚ್ಚಿ ಕೀವು ತೆಗೆದರೆ ಆಗುತ್ತಾ? ಮನೆಯಲ್ಲಿ ಡೋಲೋ ಮಾತ್ರೆ ಇದೆ, ಕೊಡಬಹುದಾ? ಟಿ.ಟಿ. ಇಂಜೆಕ್ಷನ್ ಕೊಡಿಸಬೇಕಾ?

ಉತ್ತರ: ಇವತ್ತೇ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಾಳೆಗೆ ಬಿಡಬೇಡಿ. ನೀವು ಬರೆದಿರುವುದೆಲ್ಲ ಚರ್ಮದ ಕೆಳಗೆ ಕೀವು ಕಟ್ಟಿದ್ದರ ಲಕ್ಷಣ. ಊತವನ್ನು ಮನೆಯಲ್ಲಿ ಚುಚ್ಚಬೇಡಿ. ಡೋಲೋ ಕೊಡಲೇಬೇಡಿ. ಟಿ.ಟಿ. ನಾಯಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆದರೆ ರೇಬಿಸ್ ಲಸಿಕೆ ಮತ್ತೆ ಬೇಕೇಬೇಕು. ಅದು ಕಚ್ಚಿದ ದಿನವೇ ಆಗಬೇಕಿತ್ತು, ನಾಲ್ಕು ದಿನ ಕಳೆಯಿತೆಂದು ಈಗ ಬಿಡುವಂತಿಲ್ಲ. ಒಂದೊಂದಕ್ಕೂ ಕಾರಣ ಹೇಳುತ್ತೇವೆ. ತೋಟ ಕಾಯುವ ನಾಯಿಗೆ ಇಂಥ ಗಾಯ ಇದೇ ಕೊನೆಯದಾಗುವುದಿಲ್ಲ, ಮುಂದಿನ ಸಲ ಮೊದಲ ಗಂಟೆಯಲ್ಲೇ ಏನು ಮಾಡಬೇಕೆಂಬುದು ನಿಮಗೆ ಗೊತ್ತಿರಬೇಕು.

ಒಳಗೆ ಏನಾಗಿದೆ?

ಒಂದು ನಾಯಿ ಇನ್ನೊಂದನ್ನು ಕಚ್ಚಿದಾಗ ಆಳಕ್ಕೆ ಇಳಿಯುವುದು ಕೋರೆಹಲ್ಲು. ಹಲ್ಲು ಊರಿದ ಮೇಲೆ ಅದು ಸುಮ್ಮನೆ ಬಿಡುವುದಿಲ್ಲ, ಹಿಡಿದು ಜಾಡಿಸುತ್ತದೆ. ನಾಯಿಯ ಕುತ್ತಿಗೆ ಮತ್ತು ಬೆನ್ನಿನ ಚರ್ಮ ಸಡಿಲ. ಹಲ್ಲು ಎಳೆದತ್ತ ಜಾರುತ್ತದೆ, ಹೆಚ್ಚಾಗಿ ಹರಿಯುವುದಿಲ್ಲ. ಕೆಳಗಿನ ಮಾಂಸಕ್ಕೆ ಆ ಸಡಿಲ ಇಲ್ಲ. ಹಲ್ಲಿನ ತುದಿ ಅದನ್ನು ಸೀಳುತ್ತದೆ, ಸಣ್ಣ ರಕ್ತನಾಳಗಳು ಕಿತ್ತುಹೋಗುತ್ತವೆ, ಚರ್ಮ ಮಾಂಸದಿಂದ ಬಿಟ್ಟುಕೊಂಡು ನಡುವೆ ಪೊಳ್ಳು ಬೀಳುತ್ತದೆ. ಹುತ್ತದ ಬಾಯಿ ನೋಡಿ ಹುತ್ತದ ಒಳಗು ಅಳೆಯಲಾಗುವುದಿಲ್ಲವಲ್ಲ, ಇದೂ ಹಾಗೆಯೇ. ಕಡಲೆಕಾಳಿನಷ್ಟು ತೂತಿನ ಕೆಳಗೆ ಅಂಗೈ ಅಗಲ ಹಾಳಾಗಿರಬಹುದು.

ಆ ಪೊಳ್ಳಿನಲ್ಲಿ ರಕ್ತ ಮತ್ತು ನೀರು ಸೇರಿಕೊಳ್ಳುತ್ತದೆ. ಹಲ್ಲಿನ ಜೊತೆ ಜೊಲ್ಲು, ಕೂದಲು, ಮಣ್ಣು ಕೂಡ ಒಳಗೆ ಹೋಗಿರುತ್ತದೆ. ನಾಯಿಯ ಬಾಯಲ್ಲಿ ಪಾಶ್ಚುರೆಲ್ಲಾ, ಸ್ಟ್ರೆಪ್ಟೊಕಾಕಸ್, ಸ್ಟ್ಯಾಫಿಲೊಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳೂ ಗಾಳಿ ಇಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳೂ ಇರುತ್ತವೆ. ರಕ್ತ ಓಡಾಡದ, ಬೆಚ್ಚಗಿರುವ, ಮುಚ್ಚಿದ ಜಾಗ ಅವಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಕಚ್ಚಿದ 6ರಿಂದ 8 ಗಂಟೆಯೊಳಗೆ ಅವು ಸೋಂಕು ತರುವಷ್ಟು ಹೆಚ್ಚಿಬಿಡುತ್ತವೆ. ಅದಕ್ಕೇ ಆ ಅವಧಿಯೊಳಗೆ ತೊಳೆದ ಗಾಯಕ್ಕೂ ಆಮೇಲೆ ತೊಳೆದ ಗಾಯಕ್ಕೂ ಅಷ್ಟೊಂದು ವ್ಯತ್ಯಾಸ.

ನಿಮ್ಮ ನಾಯಿಯ ವಿಷಯದಲ್ಲಿ ಕೆಟ್ಟಿದ್ದು ಇಲ್ಲೇ. ಅರಿಶಿನ ಮತ್ತು ಎಣ್ಣೆ ಸೇರಿ ತೂತಿನ ಬಾಯಿಗೆ ಬಿರಟೆ ಹಾಕಿದ ಹಾಗಾಯಿತು. ಒಳಗಿನ ಕೊಳೆಗೆ ಹೊರಬರಲು ದಾರಿ ಇಲ್ಲ. ಹಕ್ಕಳೆ ಕಟ್ಟಿದ್ದನ್ನು ನೋಡಿ ಮಾಯುತ್ತಿದೆ ಅಂದುಕೊಂಡಿರಿ. ಹಾಗೆ ಅಂದುಕೊಳ್ಳುವವರೇ ಹೆಚ್ಚು, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಗೀರಿದ ಗಾಯ ಒಣಗಿದರೆ ಒಳ್ಳೆಯದು. ಚುಚ್ಚಿದ ಗಾಯ ಮೊದಲ ಮೂರು ನಾಲ್ಕು ದಿನ ಬಾಯಿ ತೆರೆದುಕೊಂಡು ಸೋರುತ್ತಿರಬೇಕು. ಬಾಯಿ ಬೇಗ ಮುಚ್ಚಿದರೆ ಮೂರರಿಂದ ಐದನೇ ದಿನದ ಹೊತ್ತಿಗೆ ಊತ, ಬಿಸಿ, ನೋವು, ಜ್ವರ, ಊಟ ಬಿಡುವುದು, ಎಲ್ಲ ಸಾಲಾಗಿ ಬರುತ್ತವೆ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಗೊತ್ತಿದ್ದರೆ ನಿಮಗೂ ಧೈರ್ಯ, ಕೇಳಬೇಕಾದ್ದನ್ನು ಕೇಳಬಹುದು. ಮೊದಲು ಮಂಪರು ಬರುವ ಇಂಜೆಕ್ಷನ್. ಆಮೇಲೆ ಊತದ ಸುತ್ತ ಕೂದಲು ಬೋಳಿಸುತ್ತಾರೆ. ಊತ ಮೆತ್ತಗಾಗಿದ್ದರೆ ಅದರ ಕೆಳಭಾಗದಲ್ಲಿ, ನಾಯಿ ನಿಂತಾಗ ಎಲ್ಲಿ ತಗ್ಗು ಇರುತ್ತದೋ ಅಲ್ಲಿ, ಕೊಯ್ದು ಕೀವು ಇಳಿಸುತ್ತಾರೆ. ಮೇಲುಗಡೆ ಕೊಯ್ದರೆ ಅರ್ಧ ಕೀವು ತಳದಲ್ಲೇ ಉಳಿಯುತ್ತದೆ. ಸಲೈನ್‌ನಿಂದ ತಿಳಿಯಾಗುವವರೆಗೂ ತೊಳೆದು, ಸತ್ತ ಮಾಂಸ ತೆಗೆದು, ಪೊಳ್ಳು ದೊಡ್ಡದಿದ್ದರೆ ಉಳಿದ ಕೀವು, ನೀರು ಸೋರಿಹೋಗಲು ಮೆತ್ತನೆಯ ರಬ್ಬರ್ ಪಟ್ಟಿಯ ಡ್ರೈನ್ ಇಡುತ್ತಾರೆ. ಸಾಮಾನ್ಯವಾಗಿ 3ರಿಂದ 5 ದಿನಕ್ಕೆ ಅದನ್ನು ತೆಗೆಯುತ್ತಾರೆ. ಬಾಯಿಯನ್ನು ಹೊಲಿಗೆ ಹಾಕಿ ಪೂರ್ತಿ ಮುಚ್ಚಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ, ಬೇಕೆಂದೇ ಹಾಗೆ ಬಿಡುತ್ತಾರೆ.

ಇದನ್ನೇ ಮನೆಯಲ್ಲಿ ಬ್ಲೇಡಿನಿಂದ ಮಾಡಿದರೆ ಏನು ತೊಂದರೆ ಅನ್ನಿಸಬಹುದು. ಕುತ್ತಿಗೆಯಲ್ಲಿ ಚರ್ಮದ ಸ್ವಲ್ಪ ಕೆಳಗೇ ಜುಗ್ಯುಲರ್ ಎಂಬ ದೊಡ್ಡ ರಕ್ತನಾಳ ಹಾದುಹೋಗುತ್ತದೆ, ದವಡೆಯ ಮೂಲೆಯಲ್ಲಿ ಜೊಲ್ಲಿನ ಗ್ರಂಥಿ ಇದೆ. ಊತ ಇನ್ನೂ ಗಟ್ಟಿಯಿದ್ದರೆ ಕೀವಿನ ಬದಲು ರಕ್ತ ಬರುತ್ತದೆ. ಹಿಸುಕಿದರೆ ಕೀವು ಪಕ್ಕದ ಆರೋಗ್ಯವಾದ ಭಾಗಕ್ಕೆ ನುಗ್ಗುತ್ತದೆ. ಹೊರಡುವವರೆಗೆ ನೀವು ಮಾಡಬಹುದಾದ್ದು ಒಂದೇ: ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ನಿಮ್ಮ ಮುಂಗೈಗೆ ತಾಕಿಸಿ ಸುಡುವುದಿಲ್ಲ ಎಂದು ನೋಡಿಕೊಂಡು, ಊತದ ಮೇಲೆ 10 ನಿಮಿಷ ಇಡಿ. ಹಕ್ಕಳೆ ತಾನಾಗಿ ನೆನೆದು ಕೀವು ಸೋರಿದರೆ ಒಳ್ಳೆಯದೇ, ಹತ್ತಿಯಿಂದ ಒರೆಸಿ ಅಷ್ಟೇ. ಕೊರಳ ಪಟ್ಟಿ ಈಗಲೇ ಬಿಚ್ಚಿಬಿಡಿ. ಹಗ್ಗವನ್ನು ಮುಂಗಾಲುಗಳ ಹಿಂದೆ ಎದೆಗೆ ಸುತ್ತಿ ಹಿಡಿದುಕೊಳ್ಳಿ.

ವೈದ್ಯರಿಗೆ ಎರಡು ವಿಷಯ ಮರೆಯದೆ ಹೇಳಿ. ಒಂದು, ಇದು ಮುಧೋಳ ರಕ್ತದ ನಾಯಿ ಎಂದು. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಈ ಬಗೆಯ ಬೇಟೆ ನಾಯಿಗಳಿಗೆ ಥಯೋಪೆಂಟೋನ್‌ನಂಥ ಅರಿವಳಿಕೆಯ ಅಮಲು ಬಹಳ ಹೊತ್ತು ಇಳಿಯುವುದಿಲ್ಲ. ಬೆರಕೆ ನಾಯಿಯನ್ನು ನೋಡಿದ ಕೂಡಲೇ ಇದು ಗೊತ್ತಾಗದೆ ಇರಬಹುದು. ಎರಡು, ನಾಯಿಯ ತೂಕ. ಔಷಧಿಯ ಲೆಕ್ಕ ಎಲ್ಲ ಅದರ ಮೇಲೆಯೇ. ಗೊಬ್ಬರದ ಅಂಗಡಿಯ ತೂಕದ ಯಂತ್ರದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ನಿಮ್ಮ ತೂಕ ಕಳೆದರೆ ಆಯಿತು.

ಮುಂದಿನ ಸಲ: ಕಚ್ಚಿದ ಮೊದಲ ಗಂಟೆ

ಮೊದಲು ನಿಮ್ಮ ಕೈ ಜೋಪಾನ. ನೋವಿನಲ್ಲಿರುವ ನಾಯಿ ಯಜಮಾನನನ್ನೂ ಕಚ್ಚುತ್ತದೆ. ಮೂರು ಅಡಿ ಉದ್ದದ ಬ್ಯಾಂಡೇಜ್ ಬಟ್ಟೆ ಅಥವಾ ಹಳೆ ಪಂಚೆಯ ಪಟ್ಟಿಯನ್ನು ಮೂತಿಗೆ ಒಂದು ಸುತ್ತು ಹಾಕಿ, ದವಡೆಯ ಕೆಳಗೆ ಗಂಟು ಬಿಗಿದು, ಎರಡು ತುದಿಗಳನ್ನೂ ಕಿವಿಯ ಹಿಂದಕ್ಕೆ ಒಯ್ದು ಬಿಚ್ಚಲು ಸುಲಭವಾಗುವಂತೆ ಕಟ್ಟಿ. ಉಸಿರಾಟಕ್ಕೆ ಕಷ್ಟಪಡುತ್ತಿರುವ, ವಾಂತಿ ಮಾಡುತ್ತಿರುವ ನಾಯಿಗೂ ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೂ ಬಾಯಿ ಕಟ್ಟಬಾರದು. ಚಿತ್ರದುರ್ಗದ ಏಪ್ರಿಲ್ ಬಿಸಿಲಲ್ಲಂತೂ ಯಾವ ನಾಯಿಗೇ ಆಗಲಿ ಐದು ಹತ್ತು ನಿಮಿಷಕ್ಕಿಂತ ಹೆಚ್ಚು ಕಟ್ಟಿಡಬೇಡಿ. ನಾಯಿ ಮೈಯ ಶಾಖ ಕಳೆದುಕೊಳ್ಳುವುದೇ ಬಾಯಿ ತೆರೆದು ತೇಕುವುದರಿಂದ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಇಲ್ಲದಿದ್ದರೆ ಎರಡು ಪ್ಲಾಸ್ಟಿಕ್ ಕವರ್ ಸಾಕು.

ರಕ್ತ ಹರಿಯುತ್ತಿದ್ದರೆ ಮಡಿಸಿದ ಶುದ್ಧ ಬಟ್ಟೆಯನ್ನು ಇಟ್ಟು 5ರಿಂದ 10 ನಿಮಿಷ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತು ಮತ್ತೆ ಶುರುವಾಗುತ್ತದೆ. ಬಟ್ಟೆ ನೆನೆದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದು ಇಡಿ. ಏನಾದರೂ ಚುಚ್ಚಿಕೊಂಡು ಅಲ್ಲೇ ಉಳಿದಿದ್ದರೆ, ಬೇಲಿ ಗೂಟದ ಚೂರೋ ಕಬ್ಬಿಣದ ಸಲಾಕೆಯೋ, ಎಳೆಯಬೇಡಿ. ರಕ್ತನಾಳಕ್ಕೆ ಅದೇ ಅಡ್ಡವಾಗಿ ನಿಂತಿರಬಹುದು. ಅಲುಗಾಡದಂತೆ ಸುತ್ತಲೂ ಬಟ್ಟೆ ಕಟ್ಟಿ ಆಸ್ಪತ್ರೆಗೆ ಒಯ್ಯಿರಿ.

ಆಮೇಲೆ ಗಾಯ ಹುಡುಕುವ ಕೆಲಸ. ಕಚ್ಚುವಾಗ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಊರುತ್ತವೆ. ಒಂದು ತೂತು ಕಂಡರೆ ಅದರ ಎದುರು ಬದಿಯಲ್ಲಿ ಇನ್ನೊಂದು ಇರುತ್ತದೆ ಎಂದೇ ಹುಡುಕಿ. ಗುಂಪು ಸೇರಿ ಕಚ್ಚಿದ್ದರೆ ಮೈಯೆಲ್ಲ ನೋಡಬೇಕು. ಕೂದಲಿಗೆ ಎದುರಾಗಿ ಬೆರಳಾಡಿಸಿ, ಮೊಬೈಲ್ ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ ಹಿಡಿಯಿರಿ. ಅಂಟಿಕೊಂಡ ಕೂದಲ ಗೊಂಚಲು, ತೇವದ ಚುಕ್ಕೆ, ನಾಯಿ ಪದೇ ಪದೇ ನೆಕ್ಕುವ ಜಾಗ, ಮುಟ್ಟಿದ ಕೂಡಲೇ ಚರ್ಮ ಅದುರುವ ಜಾಗ, ಇವುಗಳ ಕೆಳಗೇ ತೂತು ಇರುತ್ತದೆ. ಕಂಕುಳು, ತೊಡೆಯ ಸಂದು, ಬಾಲದ ಬುಡ, ಕಿವಿಯ ಒಳಭಾಗ, ಕೊರಳ ಪಟ್ಟಿಯ ಕೆಳಗೆ, ಇಲ್ಲೆಲ್ಲ ತಪ್ಪಿಹೋಗುವುದು ಜಾಸ್ತಿ. ಮುಧೋಳದ ಸಣ್ಣ ಕೂದಲಲ್ಲಿ ಸುಲಭವಾಗಿ ಸಿಗುತ್ತದೆ. ಪಾಮೇರಿಯನ್ ಅಥವಾ ಜರ್ಮನ್ ಶೆಫರ್ಡ್ ಆದರೆ ನೀರಿನಿಂದ ಕೂದಲು ಒದ್ದೆ ಮಾಡಿ ಬೈತಲೆ ತೆಗೆದಂತೆ ಬಿಡಿಸಿ ನೋಡಬೇಕು.

ತೂತು ಸಿಕ್ಕಿತು. ಅದರ ಬಾಯಿಗೆ ಸ್ವಲ್ಪ ಕೆವೈ ಜೆಲ್ಲಿ (ನೀರಿನಲ್ಲಿ ಕರಗುವ ಜಾರು ಜೆಲ್) ಹಚ್ಚಿ, ಸುತ್ತ ಒಂದು ಇಂಚಿನಷ್ಟು ಕೂದಲು ಕತ್ತರಿಸಿ. ಕತ್ತರಿಸಿದ ಕೂದಲು ಜೆಲ್ಲಿಗೆ ಅಂಟಿಕೊಳ್ಳುತ್ತದೆ, ಒಳಗೆ ಹೋಗುವುದಿಲ್ಲ. ಹೊರಗಿನ ಚರ್ಮವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಪೂರಾ 15 ನಿಮಿಷ ತೊಳೆಯಿರಿ. ಇದು ರೇಬಿಸ್ ವೈರಸ್ಸಿನ ಸಲುವಾಗಿ. ಕಚ್ಚಿದ ನಾಯಿಯ ಜೊಲ್ಲು ಕೂದಲ ಮೇಲೆಲ್ಲ ಹರಡಿರುತ್ತದೆ. ತೂತಿನ ಒಳಗನ್ನು ತೊಳೆಯಲು ಸಲೈನ್ ಬೇಕು. ಔಷಧಿ ಅಂಗಡಿಯಲ್ಲಿ ಸಿಗುವ 500 ಮಿಲಿಯ ನಾರ್ಮಲ್ ಸಲೈನ್ ಬಾಟಲಿ ತನ್ನಿ. ರಾತ್ರಿ ಹೊತ್ತು ಸಿಗದಿದ್ದರೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಮಟ್ಟ ಟೀ ಚಮಚ ಉಪ್ಪು ಕರಗಿಸಿ. 20 ಮಿಲಿ ಸಿರಿಂಜನ್ನು ಸೂಜಿ ತೆಗೆದು ಉಪಯೋಗಿಸಿ. ಸಿರಿಂಜಿನ ಮೂತಿಯನ್ನು ತೂತಿನ ಹೊರಗೆ ಓರೆಯಾಗಿ ಹಿಡಿದು, ನೀರು ಒಳಹೋಗಿ ಅದೇ ದಾರಿಯಲ್ಲಿ ವಾಪಸ್ ಬರುವಂತೆ ಬಿಡಬೇಕು. ತೂತಿನೊಳಗೆ ತುರುಕಿ ಜೋರಾಗಿ ಒತ್ತಿದರೆ ನೀರೂ ಕೊಳೆಯೂ ಮಾಂಸದ ಪದರಗಳ ನಡುವೆ ಹರಡುತ್ತವೆ. ನೀರು ಒಳಗೆ ಹೋಗಿ ಹೊರಗೆ ಬರುತ್ತಿಲ್ಲ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ಎರಡು ಮೂರು ತೂತಿಗೆ ಒಂದು ಬಾಟಲಿ ಪೂರ್ತಿ ಖರ್ಚಾಗಲಿ, ಉಳಿಸಬೇಡಿ. ಎದೆ ಮತ್ತು ಹೊಟ್ಟೆಯ ಮೇಲಿನ ತೂತಿಗೆ ಮಾತ್ರ ಒಂದು ಹನಿಯೂ ಒಳಗೆ ಬಿಡಬಾರದು.

ಬೆಟಾಡಿನ್ ಹಾಕುವುದಾದರೆ ನೀರು ಬೆರೆಸಿಯೇ. 5 ಪರ್ಸೆಂಟಿನ ದ್ರಾವಣವಾದರೆ 100 ಮಿಲಿ ಸಲೈನ್‌ಗೆ 2 ಮಿಲಿ, 10 ಪರ್ಸೆಂಟಿನದಾದರೆ 1 ಮಿಲಿ. ತಿಳಿ ಕಂದು ಬಣ್ಣ ಬಂದರೆ ಸಾಕು. ಗಟ್ಟಿಯಾಗಿ ಸುರಿದರೆ ಬ್ಯಾಕ್ಟೀರಿಯಾ ಜೊತೆ ಗಾಯ ಮಾಯಿಸುವ ಜೀವಕೋಶಗಳೂ ಸಾಯುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವುದನ್ನು ನೋಡಿ ಚೆನ್ನಾಗಿ ತೊಳೆಯುತ್ತಿದೆ ಅನ್ನಿಸುತ್ತದೆ. ಆಳದ ತೂತಿಗೆ ಅದನ್ನು ಬಿಟ್ಟರೆ ಅಲ್ಲಿ ಹುಟ್ಟುವ ಅನಿಲ ರಕ್ತನಾಳ ಸೇರುವ ಅಪಾಯವಿದೆ. ಸ್ಪಿರಿಟ್, ಡೆಟಾಲ್, ಸುಣ್ಣ, ಕಾಫಿ ಪುಡಿ, ಖಾರದ ಪುಡಿ, ಸೀಮೆಎಣ್ಣೆ, ಫಿನಾಯಿಲ್ ಯಾವುದೂ ಬೇಡ. ಇವು ಗಾಯ ಸುಡುತ್ತವೆ, ನಾಯಿ ನೆಕ್ಕಿದಾಗ ಹೊಟ್ಟೆಗೂ ಹೋಗುತ್ತವೆ. ಮುಲಾಮನ್ನು ತೂತಿನೊಳಗೆ ತುಂಬುವುದು, ಪ್ಲಾಸ್ಟರ್ ಅಂಟಿಸುವುದು, ಬಿಗಿಯಾಗಿ ಬ್ಯಾಂಡೇಜ್ ಸುತ್ತುವುದು, ಇವೂ ಅರಿಶಿನ ಮೆತ್ತಿದಂತೆಯೇ ಬಾಯಿ ಮುಚ್ಚುವ ಕೆಲಸ.

ಇಷ್ಟು ಮಾಡಿದ ಮೇಲೂ ಆಸ್ಪತ್ರೆಗೆ ಹೋಗುವುದು ತಪ್ಪುವುದಿಲ್ಲ. ಇದು ಚಿಕಿತ್ಸೆಯ ಮೊದಲ ಭಾಗ ಮಾತ್ರ, ಹಲ್ಲು ಎಷ್ಟು ಆಳಕ್ಕೆ ಹೋಗಿದೆ ಎಂಬುದು ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಕಾಯದೆ ಓಡಬೇಕಾದ ಗಾಯಗಳು

ತೊಳೆಯಲು ಕೂರುವ ಮೊದಲೇ ಒಂದು ನಿಮಿಷ ನಾಯಿಯನ್ನು ನೋಡಿ. ಮೇಲ್ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳುಚಿದ ಜಾಗಕ್ಕೆ 2 ಸೆಕೆಂಡಿನೊಳಗೆ ಗುಲಾಬಿ ಬಣ್ಣ ವಾಪಸ್ ಬರಬೇಕು. ಒಸಡು ಬಿಳುಪು, ಬೂದು ಅಥವಾ ನೀಲಿಯಾಗಿದ್ದರೆ, ಬಣ್ಣ ಬರುವುದು ತಡವಾದರೆ, ಒಳಗೆ ರಕ್ತ ಹೋಗುತ್ತಿದೆ ಅಥವಾ ಉಸಿರು ಸಾಲುತ್ತಿಲ್ಲ. ಪಕ್ಕೆ ಏರಿಳಿಯುವುದನ್ನು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ವಿಶ್ರಾಂತಿಯಲ್ಲಿರುವ ನಾಯಿ ನಿಮಿಷಕ್ಕೆ 10ರಿಂದ 30 ಸಲ ಉಸಿರಾಡುತ್ತದೆ. ಜಗಳದ ಗಾಬರಿಗೆ ಮೊದಲು ಹೆಚ್ಚಿರುತ್ತದೆ, ಅರ್ಧ ಗಂಟೆಯಾದರೂ ಇಳಿಯದಿದ್ದರೆ ಅನುಮಾನಿಸಿ. ಜ್ವರ ನೋಡಲು ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ತುದಿಗೆ ಎಣ್ಣೆ ಸವರಿ ಗುದದ್ವಾರದಲ್ಲಿ ಎರಡು ಸೆಂಟಿಮೀಟರ್ ಇಡಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ. ಮನುಷ್ಯರ ಲೆಕ್ಕದಲ್ಲಿ ನೋಡಿ ಜ್ವರ ಬಂದಿದೆ ಎಂದು ಹೆದರುವವರಿದ್ದಾರೆ. 103 ದಾಟಿದರೆ ಜ್ವರ, 104 ದಾಟಿದರೆ ತುರ್ತು. ಗಾಯವಾದ ನಾಯಿಯ ಮೈ 99ಕ್ಕಿಂತ ಕೆಳಗಿಳಿದು ಕಿವಿ, ಪಾದ ತಣ್ಣಗಾಗಿದ್ದರೆ ಅದು ಜ್ವರಕ್ಕಿಂತ ಅಪಾಯ.

ಎದೆಯ ಗಾಯ ಎಲ್ಲಕ್ಕಿಂತ ಮೋಸದ್ದು. ತೂತಿನಲ್ಲಿ ಗಾಳಿ ಎಳೆಯುವ ಸದ್ದು, ಗುಳ್ಳೆ ಬರುವುದು, ಕುತ್ತಿಗೆ ಚಾಚಿ ಮೊಣಕೈ ಅಗಲಿಸಿ ನಿಂತು ಉಸಿರಾಡುವುದು ಕಂಡರೆ ಎದೆಗೂಡಿನೊಳಗೆ ಗಾಳಿ ಸೇರಿ ಶ್ವಾಸಕೋಶ ಕುಗ್ಗುತ್ತಿದೆ ಎಂದರ್ಥ. ಶುದ್ಧ ಪ್ಲಾಸ್ಟಿಕ್ ಹಾಳೆಗೆ ವ್ಯಾಸಲೀನ್ ಸವರಿ ತೂತಿನ ಮೇಲೆ ಅಂಗೈಯಿಂದ ಒತ್ತಿ ಹಿಡಿದು ಹೊರಡಿ. ಹಾಗೆ ಮುಚ್ಚಿದ ಮೇಲೆ ಉಸಿರಾಟ ಇನ್ನೂ ಕೆಟ್ಟರೆ ಒಂದು ಕ್ಷಣ ಕೈ ಎತ್ತಿ ಗಾಳಿ ಬಿಡಿ. ನಾಯಿ ಹೇಗೆ ಕೂರಲು ಇಷ್ಟಪಡುತ್ತದೋ ಹಾಗೇ ಬಿಡಿ, ಬಲವಂತವಾಗಿ ಮಲಗಿಸಬೇಡಿ. ದೊಡ್ಡ ನಾಯಿ ಸಣ್ಣ ನಾಯಿಯನ್ನು ಬಾಯಲ್ಲಿ ಹಿಡಿದು ಜಾಡಿಸಿದ್ದರೆ ಚರ್ಮದ ಮೇಲೆ ಏನೂ ಇಲ್ಲದೆಯೇ ಪಕ್ಕೆಲುಬು ಮುರಿದಿರಬಹುದು. ಅಂಥವಕ್ಕೆ ಎಕ್ಸ್‌ರೇ ಆಗಲೇಬೇಕು. ಕುತ್ತಿಗೆಯ ಚರ್ಮ ಒತ್ತಿದಾಗ ಬೆರಳಡಿ ಚರಚರ ಅಂದರೆ ಗಾಳಿ ಚರ್ಮದ ಕೆಳಗೆ ಸೋರಿದೆ. ಶ್ವಾಸನಾಳಕ್ಕೆ ಹಲ್ಲು ತಾಕಿರಬಹುದು.

ಹೊಟ್ಟೆಯ ಗಾಯದಲ್ಲಿ ನಾಯಿ ಮೊದಲ ದಿನ ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ. ಕರುಳು ತೂತಾಗಿದ್ದರೆ ಒಂದರಿಂದ ಮೂರು ದಿನದೊಳಗೆ ವಾಂತಿ, ಬಿಗಿದ ಹೊಟ್ಟೆ, ಬೆನ್ನು ಬಾಗಿಸಿ ನಿಲ್ಲುವುದು ಶುರುವಾಗುತ್ತದೆ. ಆಗ ಉಳಿಸುವುದು ಕಷ್ಟ. ಹಾಗಾಗಿ ಹೊಟ್ಟೆಗೆ ಹಲ್ಲು ತಾಕಿದ ನಾಯಿಗೆ ವೈದ್ಯರು ನೋಡುವವರೆಗೆ ಊಟ ಕೊಡಬೇಡಿ, ಆರಾಮಾಗಿ ಕಂಡರೂ ಅಂದೇ ತೋರಿಸಿ. ಕಣ್ಣಿನ ಹತ್ತಿರದ ಮತ್ತು ಕೀಲಿನ ಮೇಲಿನ ತೂತಿಗೂ ಇದೇ ಮಾತು. ಕೀಲಿನೊಳಗೆ ಕೀವಾದರೆ ನಾಯಿ ಜೀವನವಿಡೀ ಕುಂಟಬಹುದು.

ಚಿತ್ರದುರ್ಗದ ಜಿಲ್ಲಾ ಪಶು ಆಸ್ಪತ್ರೆಯೋ ದಾವಣಗೆರೆಯೋ ಹತ್ತಿರದ್ದು ನೋಡಿ. ದೊಡ್ಡ ಶಸ್ತ್ರಚಿಕಿತ್ಸೆ ಬೇಕೆಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೊರಡುವ ಮುನ್ನ ಫೋನ್ ಮಾಡಿ ವೈದ್ಯರಿದ್ದಾರೆಯೇ ಎಂದು ಕೇಳಿಕೊಳ್ಳಿ. ಪಶು ಇಲಾಖೆಯ ಸಹಾಯವಾಣಿ 1962.

ಹಲ್ಲಲ್ಲದೆ ಬೇರೆ ಚುಚ್ಚಿದ್ದರೆ

ನಮ್ಮ ಭಾಗದಲ್ಲಿ ನಾಯಿಗೆ ಚುಚ್ಚುವುದು ಹಲ್ಲೊಂದೇ ಅಲ್ಲ. ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆ ಬಳ್ಳಾರಿ ಜಾಲಿ ಮುಳ್ಳು ಅಂಗಾಲಿನಲ್ಲಿ ಮುರಿದು ಉಳಿಯುವುದು ದಿನಾ ಇರುವ ಕಥೆ. ನಾಯಿ ಕುಂಟುತ್ತದೆ, ಒಂದೇ ಬೆರಳ ಸಂದು ನೆಕ್ಕುತ್ತದೆ. ಉಗುರು ಬೆಚ್ಚನೆಯ ಉಪ್ಪುನೀರಿನಲ್ಲಿ ಕಾಲನ್ನು 10 ನಿಮಿಷ ನೆನೆಸಿ, ತುದಿ ಹೊರಗೆ ಕಂಡರೆ ಚಿಮಟದಿಂದ ಚುಚ್ಚಿದ ದಿಕ್ಕಿನಲ್ಲೇ ನೇರವಾಗಿ ಎಳೆಯಿರಿ. ಕಾಣದಿದ್ದರೆ ಸೂಜಿ ಹಾಕಿ ಕೆದಕಬೇಡಿ. ಒಳಗೆ ಉಳಿದ ಮುಳ್ಳು ವಾರಗಟ್ಟಲೆ ಸುಮ್ಮನಿದ್ದು, ಬೆರಳ ಸಂದಿನಲ್ಲಿ ಕುರುವಾಗಿ ಒಡೆಯುತ್ತದೆ, ಔಷಧಿ ಕೊಟ್ಟರೆ ಒಣಗುತ್ತದೆ, ನಿಲ್ಲಿಸಿದರೆ ಮತ್ತೆ ಒಡೆಯುತ್ತದೆ. ಮುಳ್ಳು ಮರದ ಜಾತಿಯದು, ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದ ಮಾತ್ರಕ್ಕೆ ಮುಳ್ಳಿಲ್ಲ ಎಂದಲ್ಲ, ಅಲ್ಟ್ರಾಸೌಂಡ್ ಕೇಳಿ. ಒಣ ಹುಲ್ಲಿನ ಊಬು ಕೂಡ ಹೀಗೆಯೇ ಒಳಹೊಕ್ಕು ಮುಂದೆ ಮುಂದೆ ಸಾಗುತ್ತದೆ.

ಮೆಕ್ಕೆಜೋಳದ ಹೊಲದಲ್ಲಿ ಕಾಡುಹಂದಿಗೆ ಎದುರಾದ ನಾಯಿಗೆ ಕೋರೆ ಬೀಳುವುದು ಹೊಟ್ಟೆ ಅಥವಾ ತೊಡೆಯ ಒಳಭಾಗಕ್ಕೆ. ಕರುಳು ಹೊರಗೆ ಬಂದಿದ್ದರೆ ಒಳಗೆ ತಳ್ಳಬೇಡಿ, ಸಲೈನ್‌ನಲ್ಲಿ ನೆನೆಸಿದ ಶುದ್ಧ ಬಟ್ಟೆ ಸುತ್ತಿ ಒಣಗದಂತೆ ಒಯ್ಯಿರಿ. ಜೋಗಿಮಟ್ಟಿ ಕಾಡಿನ ಕಡೆಯ ಊರುಗಳಲ್ಲಿ ಚಿರತೆ ಹಿಡಿದು ಬಿಟ್ಟ ನಾಯಿಯ ಕುತ್ತಿಗೆಯಲ್ಲಿ ತೂತು ಇನ್ನೂ ಆಳವಾಗಿರುತ್ತವೆ. ಬೆನ್ನುಮೂಳೆಗೆ ಪೆಟ್ಟಾಗಿರಬಹುದು, ಹಲಗೆಯ ಮೇಲೆ ಮಲಗಿಸಿಯೇ ಎತ್ತಬೇಕು.

ಹಾವು ಕಚ್ಚಿದ್ದು ನಾಯಿ ಕಚ್ಚಿದ ಹಾಗೆ ಕಾಣುವುದುಂಟು. ಮೂತಿ ಅಥವಾ ಮುಂಗಾಲಿನಲ್ಲಿ ಒಂದೋ ಎರಡೋ ಸಣ್ಣ ಚುಕ್ಕೆ, ಕೆಲವು ಸಲ ಚುಕ್ಕೆಯೇ ಕಾಣದು. ವ್ಯತ್ಯಾಸ ಇರುವುದು ವೇಗದಲ್ಲಿ. ಕೀವಿನ ಊತಕ್ಕೆ ದಿನಗಳು ಬೇಕು, ಕೊಳಕುಮಂಡಲದ ಊತ ಒಂದೆರಡು ಗಂಟೆಯಲ್ಲೇ ಏರುತ್ತದೆ, ತೂತಿನಿಂದ ರಕ್ತ ಜಿನುಗುವುದು ನಿಲ್ಲುವುದಿಲ್ಲ, ಒಸಡಿನಲ್ಲೂ ಮೂತ್ರದಲ್ಲೂ ರಕ್ತ ಕಾಣಬಹುದು. ನಾಗರಹಾವಾದರೆ ರೆಪ್ಪೆ ಇಳಿಬಿದ್ದು, ಹಿಂಗಾಲು ಸೋತು, ಜೊಲ್ಲು ಸುರಿಯುತ್ತದೆ. ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಿ. ಮನುಷ್ಯರಿಗೆ ಕೊಡುವ ಪಾಲಿವೇಲೆಂಟ್ ಆಂಟಿವೆನಮ್ಮನ್ನೇ (ಹಲವು ಹಾವುಗಳ ವಿಷಕ್ಕೆ ಕೊಡುವ ಒಂದೇ ಔಷಧಿ) ನಾಯಿಗೂ ಕೊಡುತ್ತಾರೆ. ಎಲ್ಲಿ ದಾಸ್ತಾನಿದೆ ಎಂದು ದಾರಿಯಲ್ಲೇ ಫೋನ್ ಮಾಡಿ ವಿಚಾರಿಸಿ.

ರೇಬಿಸ್, ಟಿ.ಟಿ., ಮಾತ್ರೆ

ನಿಮ್ಮ ನಾಯಿಯನ್ನು ಕಚ್ಚಿದವು ಬೀದಿ ನಾಯಿಗಳು, ಅವುಗಳಿಗೆ ಲಸಿಕೆ ಆಗಿದೆಯೋ ಇಲ್ಲವೋ ತಿಳಿಯದು. ವರ್ಷಕ್ಕೊಮ್ಮೆ ಹಾಕಿಸಬೇಕಾದ ಲಸಿಕೆಯ ಗಡುವೂ ಎರಡು ತಿಂಗಳ ಹಿಂದೆ ಮುಗಿದಿದೆ. ಆಸ್ಪತ್ರೆಗೆ ಹೋಗುವಾಗ ಲಸಿಕೆ ಕಾರ್ಡ್ ತಪ್ಪದೆ ತೆಗೆದುಕೊಂಡು ಹೋಗಿ. ಹಿಂದೆ ಲಸಿಕೆ ಆಗಿರುವ ನಾಯಿಗೆ ಕೂಡಲೇ ಬೂಸ್ಟರ್ ಹಾಕಿ 45 ದಿನ ಕಣ್ಣಿಟ್ಟು ನೋಡಿಕೊಳ್ಳಬೇಕು. ಇನ್ನೆಷ್ಟು ಡೋಸ್ ಬೇಕೆಂದು ವೈದ್ಯರು ಕಾರ್ಡ್ ನೋಡಿ ಹೇಳುತ್ತಾರೆ. ಲಸಿಕೆಯೇ ಆಗದ ನಾಯಿಗೆ ನಮ್ಮಲ್ಲಿ ಸಾಮಾನ್ಯವಾಗಿ 0, 3, 7, 14 ಮತ್ತು 28ನೇ ದಿನ ಕೊಡುತ್ತಾರೆ (ಮೊದಲ ಡೋಸ್ ಹಾಕಿದ ದಿನವೇ 0). ಒಂದು ಡೋಸ್ ಹಾಕಿಸಿ ಗಾಯ ಮಾಯಿತೆಂದು ಉಳಿದವನ್ನು ಬಿಡುವುದು ದೊಡ್ಡ ತಪ್ಪು. ಕಚ್ಚಿದ ನಾಯಿ ಊರಲ್ಲೇ ಇದ್ದರೆ 10 ದಿನ ಗಮನಿಸಿ. ಅಷ್ಟರಲ್ಲಿ ಅದು ಸತ್ತರೆ, ಕಾಣೆಯಾದರೆ, ಸ್ವಭಾವ ಬದಲಾದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ನೀವು ಬರಿಗೈಯಲ್ಲಿ ಅರಿಶಿನ ಹಚ್ಚಿದ್ದೀರಿ ಅಂದರೆ, ಆಗ ನಿಮ್ಮ ಕೈಯಲ್ಲಿ ಗೀರು, ಬಿರುಕು, ಅಡಿಕೆ ಸುಲಿದ ಗಾಯ ಏನಾದರೂ ಇದ್ದರೆ, ಸರ್ಕಾರಿ ಆಸ್ಪತ್ರೆಗೆ ಹೋಗಿ ನೀವೂ ವಿಚಾರಿಸಿ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಲಕ್ಷಣ ಕಾಣಿಸಿದ ಮೇಲೆ ರೇಬಿಸ್‌ಗೆ ಔಷಧಿಯಿಲ್ಲ.

ಧನುರ್ವಾಯು ಕುದುರೆಗೆ, ಮನುಷ್ಯರಿಗೆ ಬರುವಷ್ಟು ಸುಲಭವಾಗಿ ನಾಯಿಗೆ ಬರುವುದಿಲ್ಲ. ಅದಕ್ಕೇ ಪ್ರತಿ ಗಾಯಕ್ಕೂ ಟಿ.ಟಿ. ಕೊಡುವ ರೂಢಿ ನಾಯಿಗಳಲ್ಲಿ ಇಲ್ಲ. ಬರುವುದೇ ಇಲ್ಲವೆಂದಲ್ಲ. ಗಾಯವಾದ ಎರಡು ಮೂರು ವಾರದೊಳಗೆ ಕಿವಿ ನಿಮಿರಿ ನಿಲ್ಲುವುದು, ಹಣೆ ಸುಕ್ಕಾಗುವುದು, ಬಾಯಿ ತೆರೆಯಲಾಗದಿರುವುದು, ಕಾಲು ಸೆಟೆದು ನಡೆಯುವುದು ಕಂಡರೆ ತೋರಿಸಿ.

ಡೋಲೋ ಅಂದರೆ ಪ್ಯಾರಸಿಟಮಾಲ್. ನಾಯಿಯ ಲಿವರ್ ಮತ್ತು ಕೆಂಪು ರಕ್ತಕಣಗಳನ್ನು ಅದು ಕೆಡಿಸುತ್ತದೆ. ಬ್ರೂಫೆನ್, ಡೈಕ್ಲೋಫೆನಾಕ್ ಇನ್ನೂ ಕೆಟ್ಟವು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ, ಕಿಡ್ನಿ ಸೋಲುತ್ತದೆ. ನೋವಿಗೆ ವೈದ್ಯರು ಸಾಮಾನ್ಯವಾಗಿ ಮೆಲಾಕ್ಸಿಕಾಮ್ ಬರೆಯುತ್ತಾರೆ: ಮೊದಲ ದಿನ ಕೆಜಿಗೆ 0.2 ಮಿಲಿಗ್ರಾಂ, ಆಮೇಲೆ ದಿನಕ್ಕೊಮ್ಮೆ 0.1. ಇದು ಅವರ ಲೆಕ್ಕವನ್ನು ನೀವು ಅರ್ಥ ಮಾಡಿಕೊಳ್ಳಲು ಹೇಳಿದ್ದು, ನೀವೇ ತಂದು ಕೊಡಲಿಕ್ಕಲ್ಲ. ಊಟ ಬಿಟ್ಟ, ನೀರಿಲ್ಲದೆ ಒಣಗಿದ ನಾಯಿಗೆ ಅದೂ ಕಿಡ್ನಿಗೆ ಭಾರ. ಆಂಟಿಬಯಾಟಿಕ್ ಸಾಮಾನ್ಯವಾಗಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್, 12 ಗಂಟೆಗೊಮ್ಮೆ, ಊಟದ ಜೊತೆ. ನಡುವೆ ಊತ ಇಳಿಯಿತೆಂದು ನಿಲ್ಲಿಸಬೇಡಿ. ಕೀವು ಇಳಿಸದೆ ಬರೀ ಆಂಟಿಬಯಾಟಿಕ್ ಕೊಟ್ಟು ನೋಡೋಣ ಅನ್ನುವುದೂ ಫಲ ಕೊಡುವುದಿಲ್ಲ. ಕೀವಿನ ಚೀಲದೊಳಗೆ ರಕ್ತ ಹರಿಯುವುದಿಲ್ಲ, ರಕ್ತ ಹೋಗದ ಕಡೆ ಔಷಧಿಯೂ ಸರಿಯಾಗಿ ಹೋಗುವುದಿಲ್ಲ.

ಮನೆಗೆ ಬಂದ ಮೇಲೆ

ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ತೂತಿನ ಬಾಯಿಗೆ ಬಿಸಿನೀರ ಬಟ್ಟೆ ಇಟ್ಟು ಹಕ್ಕಳೆ ನೆನೆಸಿ, ಮೆಲ್ಲಗೆ ಒರೆಸಿ ತೆಗೆಯಿರಿ. ಎಷ್ಟು ದಿನ ತೆಗೆಯಬೇಕು, ಒಳಗೆ ಸಲೈನ್ ಬಿಡಬೇಕೇ ಎಂಬುದನ್ನು ವೈದ್ಯರಿಂದಲೇ ಕೇಳಿಕೊಳ್ಳಿ. ಸೋರುವುದು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಹಳದಿ ಕೀವು ಹೋಗಿ ತಿಳಿಗೆಂಪು ನೀರಾಗಬೇಕು. ತೂತಿನೊಳಗೆ ಹಸಿ ಕೆಂಪು ಮಾಂಸ ತುಂಬಿಕೊಂಡು ಬಂದು ಕೊನೆಗೆ ಚರ್ಮ ಕೂಡಿಕೊಳ್ಳಬೇಕು. ಹತ್ತು ಹದಿನಾಲ್ಕು ದಿನ ಹಿಡಿಯುತ್ತದೆ.

ಕುತ್ತಿಗೆಯ ಗಾಯವನ್ನು ನಾಯಿ ನೆಕ್ಕಲಾರದು, ಆದರೆ ಹಿಂಗಾಲಿನಿಂದ ಕೆರೆಯುತ್ತದೆ. ಕೆರೆದರೆ ಡ್ರೈನ್ ಕಿತ್ತು ಬರುತ್ತದೆ. ಹಿಂಗಾಲುಗಳಿಗೆ ಮಕ್ಕಳ ಹಳೆಯ ಹತ್ತಿ ಕಾಲುಚೀಲ ಹಾಕಿ, ಮೇಲೆ ಸಡಿಲವಾಗಿ ಪಟ್ಟಿ ಸುತ್ತಿ. ಬೇರೆ ಕಡೆಯ ಗಾಯವಾದರೆ ಕೋನ್ ಕಾಲರ್ ಬೇಕು, ಅದರ ಅಂಚು ಮೂಗಿಗಿಂತ ಎರಡು ಸೆಂಟಿಮೀಟರಾದರೂ ಮುಂದಿರಬೇಕು, ಇಲ್ಲದಿದ್ದರೆ ನಾಲಿಗೆ ಗಾಯ ಮುಟ್ಟಿಯೇ ಮುಟ್ಟುತ್ತದೆ.

ಮಳೆಗಾಲದಲ್ಲಿ ನೊಣವೇ ದೊಡ್ಡ ಶತ್ರು. ಅದು ಇಟ್ಟ ಮೊಟ್ಟೆ ಒಂದು ದಿನದೊಳಗೇ ಹುಳವಾಗುತ್ತದೆ. ಕೊಟ್ಟಿಗೆಯ ಪಕ್ಕ ಕಟ್ಟಬೇಡಿ. ಪಶು ಔಷಧಿ ಅಂಗಡಿಯಲ್ಲಿ ಸಿಗುವ ನೊಣ ನಿವಾರಕ ಸ್ಪ್ರೇಯನ್ನು ಗಾಯದ ಸುತ್ತಲಿನ ಚರ್ಮಕ್ಕೆ ಮಾತ್ರ ಹೊಡೆಯಿರಿ, ತೂತಿನೊಳಗೆ ಬೇಡ. ಕೆಟ್ಟ ವಾಸನೆ ಬಂದರೆ, ತೂತಿನ ಬಾಯಲ್ಲಿ ಬಿಳಿ ಏನೋ ಮಿಸುಕಾಡಿದರೆ, ಟರ್ಪೆಂಟೈನ್ ಸುರಿದು ನಾಯಿಯನ್ನು ಗೋಳಾಡಿಸಬೇಡಿ, ಆಸ್ಪತ್ರೆಯಲ್ಲಿ ಮಂಪರು ಕೊಟ್ಟು ಒಂದೊಂದೇ ಆರಿಸಿ ತೆಗೆಯುತ್ತಾರೆ.

ಕೀವು ಇಳಿಸಿದ 24 ಗಂಟೆಯೊಳಗೆ ಜ್ವರ ಇಳಿದು ನಾಯಿ ಊಟಕ್ಕೆ ಬಾಯಿ ಹಾಕಬೇಕು. ಎರಡು ದಿನವಾದರೂ ತಿನ್ನದಿದ್ದರೆ, ಊತ ಕೆಳಗೆ ಎದೆಯ ಕಡೆ ಇಳಿಯುತ್ತಿದ್ದರೆ, ಗಾಯದ ಸುತ್ತಲ ಚರ್ಮ ಕಪ್ಪಾಗಿ ತಣ್ಣಗಾದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ವಾಪಸ್ ಹೋಗಿ. ಪೂರ್ತಿ ಮಾಯಿತು ಅಂದುಕೊಂಡ ಮೇಲೆ ಎರಡು ಮೂರು ವಾರ ಬಿಟ್ಟು ಅದೇ ಜಾಗ ಮತ್ತೆ ಊದಿದರೆ ಒಳಗೆ ಕೂದಲೋ, ಹಲ್ಲಿನ ಚೂರೋ, ಸತ್ತ ಮಾಂಸವೋ ಉಳಿದಿರಬಹುದು. ಆಗ ಇನ್ನೊಂದು ಆಂಟಿಬಯಾಟಿಕ್ ಕೋರ್ಸ್ ಕೇಳುವ ಬದಲು, ಸ್ಕ್ಯಾನ್ ಮಾಡಿಸಿ ಕೀವು ಬರುವ ದಾರಿಯನ್ನು ಬಿಡಿಸಿ ನೋಡಲು ಕೇಳಿ. ಯಾವ ಬ್ಯಾಕ್ಟೀರಿಯಾ ಎಂದು ತಿಳಿಯಲು ಕೀವಿನ ಮಾದರಿಯನ್ನು ಕಲ್ಚರ್ ಪರೀಕ್ಷೆಗೆ ಕಳಿಸಲೂ ಹೇಳಿ.